ಮೊದಲು ಮುಸುರೆ, ಆಮೇಲೆ ಮಧು

ವೈನ್ ಎಂದೊಡನೆ ಕಣ್ಣೆದುರು ಬರುವುದು ಸಪೂರ ಕಾಲಿನ ಗಾಜಿನ ಲೋಟ, ಅದನ್ನು ಮೆಲ್ಲಗೆ ತಿರುಗಿಸಿ ಮೂಸುವ ಒಂದು ಗಂಭೀರ ಮುಖ. ಮನೆಯಲ್ಲೇ ವೈನ್ ಮಾಡಹೊರಟವರ ಚಿತ್ರ ಬೇರೆ. ಅವರು ಸಿಂಕಿನ ಮುಂದೆ ತೋಳು ಮಡಚಿ ಬಕೆಟ್ ಉಜ್ಜುತ್ತಿರುತ್ತಾರೆ. ರಸವನ್ನು ವೈನ್ ಮಾಡುವುದು ಯೀಸ್ಟ್; ನಮ್ಮದೇನಿದ್ದರೂ ಆ ಯಜಮಾನರ ಮನೆಯಲ್ಲಿ ಮುಸುರೆ ತಿಕ್ಕುವ ಚಾಕರಿ.

ತಿಕ್ಕುವುದರಲ್ಲೂ ಎರಡು ಹಂತ. ಕಾಣುವ ಕೊಳೆ ತೆಗೆಯುವುದು ಶುಚಿ. ಕಾಣದ ಜೀವಿಗಳನ್ನು ಅಡಗಿಸುವುದನ್ನು ಮಡಿ ಎನ್ನೋಣ. ಶುಚಿಯಾಗದೆ ಮಡಿಯಾಗದು. ಬಕೆಟ್ಟಿನ ಅಂಚಿನಲ್ಲಿ ಹಳೆಯ ತಿರುಳಿನ ಚೂರೊಂದು ಒಣಗಿ ಅಂಟಿಕೊಂಡಿದ್ದರೆ ಎಂಥ ಸೋಂಕುನಿವಾರಕವೂ ಅದರ ಹೊರಮೈ ಸವರಿ ವಾಪಸಾಗುತ್ತದೆ, ಒಳಗಿನ ಬ್ಯಾಕ್ಟೀರಿಯಾ ಹಾಯಾಗಿರುತ್ತದೆ. ಹಾಗಾಗಿ ಮೊದಲು ಬಿಸಿನೀರು, ಪರಿಮಳವಿಲ್ಲದ ಸೋಪು, ಮೆತ್ತನೆಯ ಬಟ್ಟೆ. ತಂತಿಯ ಬ್ರಷ್ ಬೇಡವೇ ಬೇಡ. ಪ್ಲಾಸ್ಟಿಕ್ಕಿನ ಮೇಲಿನ ಒಂದೊಂದು ಗೀರೂ ಅವುಗಳಿಗೆ ಒಂದೊಂದು ಬಿಲ. ಚೆನ್ನಾಗಿ ಜಾಲಿಸಿದ ಮೇಲೆ ಲೀಟರ್ ನೀರಿಗೆ ಸುಮಾರು 12 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸೋಂಕುನಿವಾರಕ ಪುಡಿ ಕರಗಿಸಿ, ಪಾತ್ರೆ, ಕೊಳವೆ, ಸೌಟು ಎಲ್ಲವನ್ನೂ ಹತ್ತು ನಿಮಿಷ ಅದರಲ್ಲಿ ನೆನೆಸಬೇಕು. ಕಿಟಕಿ ತೆರೆದಿರಲಿ, ಅದರ ಘಾಟು ಮೂಗಿಗೆ ಏರಿದರೆ ಕೆಮ್ಮು ಬಿಡುವುದಿಲ್ಲ, ಆಸ್ತಮಾ ಇರುವವರಂತೂ ದೂರವಿರುವುದೇ ಲೇಸು. ಬ್ಲೀಚಿನ ಆಸೆ ಬಿಟ್ಟುಬಿಡಿ. ಕ್ಲೋರಿನ್ನಿನ ಶೇಷ ವೈನಿನಲ್ಲಿ ಒದ್ದೆ ರಟ್ಟಿನ ಮುಗ್ಗಲು ವಾಸನೆ ಹುಟ್ಟಿಸಬಲ್ಲದು. ಆಮ್ಲದ ಜೊತೆ ಬ್ಲೀಚ್ ಬೆರೆತರೆ ವಿಷಾನಿಲವೇ ಏಳುತ್ತದೆ.

ಸಾಮಾನು ಹೆಚ್ಚೇನಿಲ್ಲ. ನಾಲ್ಕೂವರೆ ಲೀಟರ್ ವೈನಿಗೆ ಸುಮಾರು 7 ಕಿಲೋ ದ್ರಾಕ್ಷಿ, ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನ 10 ಲೀಟರ್ ಬಕೆಟ್, ಸಣ್ಣ ಬಾಯಿಯ ಗಾಜಿನ ಜಾಡಿ, ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಾಳಿಯನ್ನು ತಡೆಯುವ ಏರ್‌ಲಾಕ್, ಸೈಫನ್ ಕೊಳವೆ, ಹೈಡ್ರೋಮೀಟರ್. ಕಬ್ಬಿಣ, ತಾಮ್ರ, ಹಿತ್ತಾಳೆಯ ಪಾತ್ರೆ ಕೂಡದು, ರಸದ ಹುಳಿ ಲೋಹವನ್ನು ಕರಗಿಸಿಕೊಳ್ಳುತ್ತದೆ. ಹೈಡ್ರೋಮೀಟರ್ ಯಾಕೆ ಎಂದು ಕೇಳುವವರೇ ಹೆಚ್ಚು. ಆ ತೇಲುವ ಗಾಜಿನ ಕಡ್ಡಿ ಇಲ್ಲದೆ ವೈನ್ ಮಾಡುವುದೆಂದರೆ ಕಣ್ಣು ಕಟ್ಟಿಕೊಂಡು ದಾರದಲ್ಲಿ ಮುತ್ತು ಪೋಣಿಸಿದಂತೆ. ರಸ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂದು ಅದು ಹೇಳುತ್ತದೆ; ಸಕ್ಕರೆ ಹೆಚ್ಚಿದಷ್ಟೂ ಅಂಕಿ ಹೆಚ್ಚು. ರಸದಲ್ಲಿ 1.085ರಿಂದ 1.090 ತೋರಿಸಿದರೆ ಸರಿ, ಶೇಕಡಾ 12ರ ಆಸುಪಾಸಿನ ಆಲ್ಕೋಹಾಲ್ ಬರುತ್ತದೆ. ಕಡಿಮೆಯಿದ್ದರೆ ಲೀಟರಿಗೆ 17 ಗ್ರಾಂ ಸಕ್ಕರೆ ಶೇಕಡಾ ಒಂದರಷ್ಟು ಆಲ್ಕೋಹಾಲ್ ಕೊಡುತ್ತದೆಂಬ ಲೆಕ್ಕದಲ್ಲಿ ಸೇರಿಸಿ. ಅಂದಾಜಿನ ಮೇಲೆ ಸುರಿಯುವ ಧಾರಾಳತನಕ್ಕೆ ಯೀಸ್ಟ್ ಉಸಿರುಗಟ್ಟುತ್ತದೆ.

ಹಣ್ಣನ್ನು ಕೈಯಿಂದ ಹಿಚುಕಿದರೆ ಸಾಕು. ಮಿಕ್ಸರಿಗೆ ಹಾಕಿದರೆ ಬೀಜ ಒಡೆದು ಕಹಿ ಇಳಿಯುತ್ತದೆ. ಸಿಪ್ಪೆಯ ಮೇಲೆ ಕಾಡು ಯೀಸ್ಟ್ ತಾನಾಗಿಯೇ ಇರುತ್ತದೆ ನಿಜ. ಆದರೆ ಅದರಲ್ಲಿ ಬಹುಪಾಲು ಶೇಕಡಾ ನಾಲ್ಕೈದು ಆಲ್ಕೋಹಾಲ್ ಆಗುವಷ್ಟರಲ್ಲಿ ಕೈಚೆಲ್ಲುತ್ತದೆ. ಹೀಗಾಗಿ ಅದನ್ನು ಅಡಗಿಸಲು ಒಂದು ಕ್ಯಾಂಪ್ಡೆನ್ ಮಾತ್ರೆ (ಮೆಟಾಬೈಸಲ್ಫೈಟಿನದೇ ಗುಳಿಗೆ) ಪುಡಿಮಾಡಿ ಬೆರೆಸಿ, ಬಟ್ಟೆ ಮುಚ್ಚಿ, 24 ಗಂಟೆ ಬಿಟ್ಟು, ನಂತರ ನಮ್ಮ ಆಯ್ಕೆಯ ಯೀಸ್ಟಿನ ಹೆಪ್ಪು ಹಾಕುವುದು ಕ್ಷೇಮ. ಆತುರದಿಂದ ಮಾತ್ರೆಯ ಹಿಂದೆಯೇ ಹಾಕಿದರೆ ಹೆಪ್ಪಿಗೂ ಅದೇ ಏಟು.

ಒಣ ಯೀಸ್ಟನ್ನು ನೇರ ರಸಕ್ಕೆ ಉದುರಿಸುವುದಕ್ಕಿಂತ ಮೊದಲು ಎಬ್ಬಿಸಿಕೊಳ್ಳುವುದು ಒಳ್ಳೆಯದು: 5 ಗ್ರಾಮಿಗೆ 50 ಮಿಲಿಲೀಟರ್ ನೀರು, 35ರಿಂದ 40 ಡಿಗ್ರಿ ಸೆಲ್ಸಿಯಸ್, ಹದಿನೈದು ನಿಮಿಷ. ಇನ್ನೂ ಬಿಸಿಯಾದರೆ ಸಾಯುತ್ತದೆ. ಎದ್ದ ಯೀಸ್ಟಿಗೂ ರಸಕ್ಕೂ 10 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಚಳಿಗೆ ಸೆಡೆತು ಕೂರುತ್ತದೆ. ಆಗ ಸ್ವಲ್ಪಸ್ವಲ್ಪವೇ ರಸ ಬೆರೆಸಿ ಒಗ್ಗಿಸಬೇಕು. ಬ್ರೆಡ್ಡಿನ ಯೀಸ್ಟಿನಿಂದಲೂ ಆಗದೆ? ಆಗುತ್ತದೆ, ಆದರೆ ಅದು ಗಟ್ಟಿಯಾಗಿ ತಳಕ್ಕೆ ಕೂರದೆ ಕೆದಕಿದರೆ ಏಳುತ್ತದೆ, ಬೇಕರಿಯ ನೆನಪನ್ನು ಲೋಟದವರೆಗೂ ತರುತ್ತದೆ.

ಒಂದೆರಡು ದಿನದಲ್ಲಿ ಸಿಪ್ಪೆಯೆಲ್ಲ ಅನಿಲದ ಒತ್ತಡಕ್ಕೆ ಮೇಲೆದ್ದು ಟೋಪಿಯಂತೆ ಕೂರುತ್ತದೆ. ಅದನ್ನು ದಿನಕ್ಕೆ ಎರಡು ಬಾರಿ ಒತ್ತಿ ಮುಳುಗಿಸಬೇಕು; ಒಣಗಲು ಬಿಟ್ಟರೆ ಬೂಷ್ಟು, ಹಣ್ಣಿನ ನೊಣ, ಅದರ ಕಾಲಿಗೆ ಅಂಟಿಬಂದ, ಆಲ್ಕೋಹಾಲನ್ನು ಹುಳಿಯಾಗಿಸುವ ಅಸಿಟೋಬ್ಯಾಕ್ಟರ್ ಬ್ಯಾಕ್ಟೀರಿಯಾ, ಕಡೆಗೆ ವಿನೆಗರ್. ಕೊಳೆತ ಮೊಟ್ಟೆಯ ನಾತ ಬಂದರೆ ಗಾಬರಿ ಬೇಡ, ಸಾಮಾನ್ಯವಾಗಿ ಯೀಸ್ಟಿಗೆ ಸಾರಜನಕ ಸಾಲದೆಂದು ಅರ್ಥ. ಯೀಸ್ಟ್ ಪೋಷಕಾಂಶ ಹಾಕಿ, ಚೆನ್ನಾಗಿ ಕಲಕಿ.

ಐದಾರು ದಿನಕ್ಕೆ ಹೈಡ್ರೋಮೀಟರ್ 1.015ರ ಸುತ್ತ ಇಳಿದಾಗ ಹಿಂಡಿ ಸೋಸಿ ಜಾಡಿಗೆ ತುಂಬಿ ಏರ್‌ಲಾಕ್ ಹಾಕಿ. ನೊರೆಯ ರಭಸ ತಗ್ಗಿದ ಮೇಲೆ ಕತ್ತಿನ ಕೆಳಗೆ ಎರಡು ಬೆರಳಿನಷ್ಟೇ ಜಾಗ ಉಳಿಯುವಂತೆ ತುಂಬಿಸಿ. ಇನ್ನು ಮೇಲೆ ಗಾಳಿಯೇ ಶತ್ರು. ಏರ್‌ಲಾಕ್ ಇಲ್ಲವೆಂದು ಬಿರಡೆ ಬಿಗಿಯಬೇಡಿ: ಒಂದು ಕಿಲೋ ಸಕ್ಕರೆ ಹುದುಗಿದರೆ 250 ಲೀಟರಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಗಾಜು ಅದನ್ನು ತಾಳದು.

ಗುಳ್ಳೆ ನಿಂತಿತೆಂದರೆ ಮುಗಿಯಿತೆಂದಲ್ಲ. ಮೂರು ದಿನ ಸತತ 0.995ರ ಆಸುಪಾಸು ಅದೇ ಅಂಕಿ ಬಂದರೆ ಮುಗಿದಂತೆ, 1.020ರಲ್ಲೇ ನಿಂತಿದ್ದರೆ ಯೀಸ್ಟ್ ಮುಷ್ಕರ ಹೂಡಿದೆ, ಚಳಿಯಿದೆಯೇ ನೋಡಿ. ತಳದಲ್ಲಿ ಗಸಿ ಕೂತಮೇಲೆ ಕೊಳವೆಯಿಂದ ತಿಳಿಯನ್ನು ಇನ್ನೊಂದು ಜಾಡಿಗೆ ಇಳಿಸಿ. ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ. ಪ್ರತಿ ಸಲವೂ ಜಾಡಿ, ಕೊಳವೆ, ಬಿರಡೆ ಎಲ್ಲಕ್ಕೂ ಮತ್ತೆ ಶುಚಿ, ಮತ್ತೆ ಮಡಿ. ಕುಡಿದು ಮುಗಿದ ಬಾಟಲಿಯನ್ನು ಆ ರಾತ್ರಿಯೇ ಜಾಲಿಸಿಡಿ. ಬೆಳಗಿನ ಹೊತ್ತಿಗೆ ಗಸಿ ಒಣಗಿ ಅಂಟಿದರೆ ಯಾವ ಬ್ರಷ್ಷೂ ಅಷ್ಟು ಕೆಳಗೆ ಹೋಗುವುದಿಲ್ಲ.