ಟಿಎಂಟಿಗೆ ಮೊದಲು ಮುಟ್ಟಿನ ದಿನ ಕೇಳಬೇಕೇ?

ಪರ: ಒಂದು ಸಾಲು ಬರೆದುಕೊಂಡರೆ ಏನು ಹೋಗುತ್ತದೆ?

ಕಳೆದ ವರ್ಷ ಅಕ್ಕನನ್ನು ಟಿಎಂಟಿಗೆ, ಅಂದರೆ ಟ್ರೆಡ್‌ಮಿಲ್ ಬೆಲ್ಟ್ ಮೇಲೆ ನಡೆಸುತ್ತಾ ಇಸಿಜಿ ತೆಗೆದು ಹೃದಯ ನೋಡುವ ಪರೀಕ್ಷೆಗೆ, ಕರೆದುಕೊಂಡು ಹೋಗಿದ್ದೆ. ವಯಸ್ಸು 41. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತಿತ್ತು. ಫಾರಂನಲ್ಲಿ ಶುಗರ್, ಬಿಪಿ, ಸಿಗರೇಟು, ಅಪ್ಪ ಅಮ್ಮನ ಕಾಯಿಲೆ ಎಲ್ಲ ಕೇಳಿದ್ದರು. ಮುಟ್ಟಿನ ಮಾತೇ ಇರಲಿಲ್ಲ. ಎಕ್ಸ್‌ರೇ ಕೋಣೆಯಲ್ಲಾದರೆ ಅದನ್ನೇ ಮೊದಲು ಕೇಳುತ್ತಾರೆ, ಅಲ್ವಾ? ಅವಳಿಗೆ ಅವತ್ತು ಎರಡನೇ ದಿನ. ಎದೆಗೆ ವೈರು ಅಂಟಿಸಿಕೊಂಡು, ಹೊಟ್ಟೆ ಹಿಡಿದುಕೊಂಡೇ ಬೆಲ್ಟ್ ಮೇಲೆ ನಡೆದಳು. ಮೂರು ನಿಮಿಷಕ್ಕೊಮ್ಮೆ ಬೆಲ್ಟ್ ವೇಗವಾಗುತ್ತದೆ, ಏರೂ ಜಾಸ್ತಿಯಾಗುತ್ತದೆ.

ಈ ಪರೀಕ್ಷೆಯಲ್ಲಿ ವೈದ್ಯರು ಮುಖ್ಯವಾಗಿ ನೋಡುವುದು ಇಸಿಜಿ ಗೆರೆಯ ಎಸ್‌ಟಿ ಭಾಗವನ್ನು, ಅಂದರೆ ಪ್ರತಿ ಬಡಿತದ ಚೂಪು ಏರಿಳಿತದ ನಂತರ ಬರುವ ಸಪಾಟು ತುಂಡನ್ನು. ಅದು 1 ಮಿಲಿಮೀಟರ್ ಕೆಳಗಿಳಿದು ಅಲ್ಲೇ ನಿಂತರೆ ಪಾಸಿಟಿವ್, ಅಂದರೆ ಹೃದಯಕ್ಕೆ ರಕ್ತ ಸಾಲುತ್ತಿಲ್ಲವೇನೋ ಎಂಬ ಅನುಮಾನ. 2000ರಲ್ಲಿ ಲಂಡನ್ನಿನ ವೈದ್ಯರು ಹೃದಯದ ರಕ್ತನಾಳದ ಕಾಯಿಲೆ ಇದ್ದ, ಇನ್ನೂ ಮುಟ್ಟಾಗುತ್ತಿದ್ದ 9 ಹೆಂಗಸರನ್ನು ವಾರಕ್ಕೊಮ್ಮೆ, ನಾಲ್ಕು ವಾರ ಟ್ರೆಡ್‌ಮಿಲ್ ಹತ್ತಿಸಿ ನೋಡಿದರು. ಮುಟ್ಟಿನ ಆಸುಪಾಸಿನ ದಿನಗಳಲ್ಲಿ, ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜೆನ್ ತೀರಾ ಕಡಿಮೆ ಇರುವಾಗ, ಗೆರೆ ಬೇಗ ಇಳಿಯಿತು. ತಿಂಗಳ ನಡುವೆ ತಡವಾಗಿ ಇಳಿಯಿತು. ಅದೇ ಹೆಂಗಸು, ಅದೇ ಹೃದಯ! ಈಸ್ಟ್ರೋಜೆನ್ ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ಅದು ಇಳಿದಾಗ ಹೃದಯಕ್ಕೆ ರಕ್ತ ಸಾಲದೆ ಬರುವುದು ಬೇಗ ಕಾಣುತ್ತದೆ.

ಇಸಿಜಿಯ ಕ್ಯೂಟಿ ಅಂತರವೂ (ಒಂದು ಬಡಿತಕ್ಕೆ ಹೃದಯದ ಕೆಳಕೋಣೆಗಳು ಚುರುಕಾಗಿ ಮತ್ತೆ ಸಹಜಕ್ಕೆ ಬರಲು ಹಿಡಿಯುವ ಸಮಯ) ಹೆಂಗಸರಲ್ಲಿ ಗಂಡಸರಿಗಿಂತ ಉದ್ದ. ಈ ವ್ಯತ್ಯಾಸ ಕಾಣಿಸಿಕೊಳ್ಳುವುದು ಪ್ರಾಯಕ್ಕೆ ಬಂದ ಮೇಲೆ. ಹೀಗಿರುವಾಗ ಕೊನೆಯ ಮುಟ್ಟು ಯಾವತ್ತು, ಹಾರ್ಮೋನ್ ಮಾತ್ರೆ ತಗೊಳ್ತೀರಾ, ಮುಟ್ಟು ನಿಂತಿದ್ದರೆ ಎಷ್ಟು ವರ್ಷವಾಯಿತು ಅಂತ ಕೇಳಲು ಒಂದು ನಿಮಿಷವೂ ಬೇಡ. ಮುಂದಿನ ವರ್ಷ ಅದೇ ಪರೀಕ್ಷೆ ಮಾಡಿ ಎರಡು ರಿಪೋರ್ಟ್ ಪಕ್ಕದಲ್ಲಿಟ್ಟು ನೋಡುವವರಿಗೆ ಆ ದಿನಾಂಕ ಬೇಕೇ ಬೇಕು.

ವಿರೋಧ: ಕೇಳಿದ ಮೇಲೆ ಏನು ಮಾಡುತ್ತಾರೆ?

ಇಷ್ಟು ಬರೆದ ಮೇಲೆ ಚಿಕ್ಕಮ್ಮ ನೆನಪಾದರು. ಅವರನ್ನು ನೆನೆದರೆ ಮೇಲಿನ ವಾದಕ್ಕೆ ಹೆದರಿಕೆಯಾಗುತ್ತದೆ.

ಒಂಬತ್ತು ಜನರನ್ನು ನೋಡಿ ಊರಿಗೆಲ್ಲ ನಿಯಮ ಮಾಡಲಾಗದು. ದಿನಾಂಕ ಗೊತ್ತಾದರೆ ಹಾರ್ಮೋನ್ ಮಟ್ಟ ಗೊತ್ತಾದಂತೆಯೂ ಅಲ್ಲ. ಪಿಸಿಓಡಿ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇದ್ದವರಿಗೆ, ನಲವತ್ತೈದು ದಾಟಿದವರಿಗೆ ತಿಂಗಳ ಲೆಕ್ಕವೇ ತಪ್ಪಿರುತ್ತದೆ. ಹೆಂಗಸರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣುವುದು ಮುಟ್ಟು ನಿಂತ ಮೇಲೆ. ಅವರಿಗೆ ಈ ಪ್ರಶ್ನೆಯಿಂದ ಏನು ಸಿಕ್ಕೀತು? ಹೆಂಗಸರಲ್ಲಿ ಟಿಎಂಟಿ ಸುಳ್ಳು ಪಾಸಿಟಿವ್ ತೋರಿಸುವುದು ಜಾಸ್ತಿ, ನಿಜ. ಅನುಮಾನ ಬಂದರೆ ಶ್ರಮದ ಹೊತ್ತಿನ ಹೃದಯದ ಸ್ಕ್ಯಾನ್ ಆದ ಸ್ಟ್ರೆಸ್ ಎಕೋ ಇದೆ, ಹೃದಯದ ರಕ್ತನಾಳಗಳನ್ನೇ ತೋರಿಸುವ ಸಿಟಿ ಆಂಜಿಯೋ ಇದೆ. ಕ್ಯಾಲೆಂಡರ್ ನೋಡುವ ಬದಲು ಅವನ್ನು ಮಾಡಿಸಲಿ.

ನನಗೆ ನಿಜವಾಗಿ ಭಯ ಇರುವುದು ಬೇರೆ ಕಡೆ. ಉಸಿರು ಕಟ್ಟಿತು, ದವಡೆ ನೋಯಿತು, ಬೆನ್ನು ಹಿಡಿಯಿತು, ವಾಕರಿಕೆ ಬಂತು ಅಂದರೆ ಈಗಲೇ ಗ್ಯಾಸು, ಟೆನ್ಷನ್ ಅಂತ ಮನೆಗೆ ಕಳಿಸುತ್ತಾರೆ. ಫಾರಂನಲ್ಲಿ ಮುಟ್ಟಿನ ದಿನಾಂಕವೂ ಬಂದರೆ ಕಳಿಸಲು ಇನ್ನೊಂದು ನೆಪ ಸಿಕ್ಕಿತು. "ಪಾಸಿಟಿವ್ ಬಂದಿದೆ, ಆದರೆ ಡೇಟ್ ಇತ್ತಲ್ಲಮ್ಮ, ಮುಂದಿನ ತಿಂಗಳು ಬನ್ನಿ." ನಿಜವಾಗಿ ನಾಳ ಕಟ್ಟಿಕೊಂಡವಳಿಗೆ ಆ ಒಂದು ತಿಂಗಳು ದೊಡ್ಡದು.

ಚಿಕ್ಕಮ್ಮನಿಗೆ 48ರಲ್ಲಿ ಎದೆ ಉರಿ, ಬೆವರು ಶುರುವಾಯಿತು. ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತದೆ ಅಂದರು. ಅವರೂ ನಂಬಿದರು, ನಾವೂ ನಂಬಿದೆವು. ಐದು ತಿಂಗಳಾದ ಮೇಲೆ ಸ್ಟೆಂಟ್ ಹಾಕಿದರು. ಅಷ್ಟು ದಿನವೂ ಅವರ ಪರ್ಸಿನಲ್ಲಿ ಇದ್ದದ್ದು ಗ್ಯಾಸಿನ ಮಾತ್ರೆ.