ಸಂಬಳದ ಚೀಟಿಯಲ್ಲಿ ದೇವರ ಪಾಲು

ನಾನಿರುವುದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ. ಕಳೆದ ತಿಂಗಳು ಜೊತೆಗೆ ಕೆಲಸ ಮಾಡುವವರೊಬ್ಬರು ತಮ್ಮ ಸಂಬಳದ ಚೀಟಿ ತೋರಿಸಿದರು. ಅದರಲ್ಲಿ ಚರ್ಚ್ ತೆರಿಗೆ ಅಂತ ಒಂದು ಸಾಲು! ಬವೇರಿಯಾದಲ್ಲಿ ಆದಾಯ ತೆರಿಗೆಯ 8%, ಹೆಚ್ಚಿನ ರಾಜ್ಯಗಳಲ್ಲಿ 9%. ಬೇಡ ಅನ್ನುವವರು ಸರ್ಕಾರಿ ಕಚೇರಿಗೆ ಹೋಗಿ, ಚರ್ಚ್ ಬಿಟ್ಟಿದ್ದೇನೆ ಎಂದು ಬರೆದುಕೊಡಬೇಕು.

ನನಗೆ ಕಸಿವಿಸಿಯಾಯಿತು. ಭಕ್ತಿಗೂ ಶೇಕಡಾ ಲೆಕ್ಕವೇ?

"ಎಷ್ಟು ಕೊಟ್ಟೆ ಅಂತ ಗೊತ್ತಿರುವುದರಿಂದಲೇ, ಅದನ್ನು ಏನು ಮಾಡಿದಿರಿ ಅಂತ ಕೇಳುತ್ತೇನೆ" ಅಂದರು ಅವರು. ಆ ಮಾತು ನಾಟಿತು. ನಾನು ಹುಂಡಿಗೆ ಹಾಕಿದ್ದೆಷ್ಟು, ಅದೇನಾಯಿತು ಅಂತ ಒಂದು ಸಲವಾದರೂ ಕೇಳಿದ್ದೇನೆಯೇ? ಕೇಳಿದರೆ ಅಮ್ಮ, "ದೇವರಿಗೆ ಕೊಟ್ಟಮೇಲೆ ಲೆಕ್ಕ ಕೇಳಬಾರದು ಕಣೋ" ಅನ್ನುತ್ತಾಳೆ.

ನಮ್ಮ ಹಿಂದಿನವರು ಹೀಗಿರಲಿಲ್ಲ ಅನ್ನುವುದೇ ನನ್ನ ಸಂಕಟ. ಹಳೆಯ ದಾನಶಾಸನ ಓದಿ ನೋಡಿ. ಇಷ್ಟು ಗದ್ಯಾಣ (ಆಗಿನ ಚಿನ್ನದ ನಾಣ್ಯ) ಕೊಟ್ಟೆವು, ಅದರ ಬಡ್ಡಿಯಿಂದ ನಂದಾದೀವಿಗೆ ಉರಿಯಬೇಕು, ಈ ದಾನವನ್ನು ಅಳಿದವನಿಗೆ, ಅಂದರೆ ಕೆಡಿಸಿದವನಿಗೆ, ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ. ಎಲ್ಲರ ಕಣ್ಣಿಗೂ ಬೀಳುವಂತೆ ಕಲ್ಲಿನಲ್ಲೇ ಬರೆಸಿದರು.

ಇಲ್ಲಿನವರಿಗೆ ಕೇಳುವ ಅಭ್ಯಾಸ ಸುಮ್ನೆ ಬಂದಿಲ್ಲ. ಇದೇ ಊರಿನ ಸಾಹುಕಾರ ಯಾಕೋಬ್ ಫುಗ್ಗರ್. ಆಲ್ಬ್ರೆಕ್ಟ್ ಎಂಬಾತ ಮೈನ್ಜ್ ನಗರದ ಆರ್ಚ್‌ಬಿಷಪ್ (ಚರ್ಚಿನ ಹಿರಿಯ ಧರ್ಮಾಧಿಕಾರಿ) ಆಗಲು ಸಾಲ ಮಾಡಿದ್ದು ಅವನ ಹತ್ತಿರ. ಆ ಸಾಲ ತೀರಿಸಲು ಪಾಪವಿಮೋಚನಾ ಪತ್ರಗಳ ಮಾರಾಟ ನಡೆಯಿತು. ಬಂದದ್ದರಲ್ಲಿ ಅರ್ಧ ಸಾಲಕ್ಕೆ, ಅರ್ಧ ರೋಮಿನ ಸೇಂಟ್ ಪೀಟರ್ಸ್ ಚರ್ಚ್ ಕಟ್ಟಲು. 1517ರಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ 95 ವಾದಗಳಲ್ಲಿ 86ನೆಯದು ನೇರವಾಗಿ ಕೇಳುತ್ತದೆ: ಅಷ್ಟು ಸಿರಿವಂತರಾದ ಪೋಪ್, ಬಡವರ ದುಡ್ಡಿನ ಬದಲು ತಮ್ಮದೇ ದುಡ್ಡಿನಲ್ಲಿ ಇದನ್ನು ಯಾಕೆ ಕಟ್ಟಿಸಬಾರದು?

ಅದೇ ಫುಗ್ಗರ್ 1521ರಲ್ಲಿ ಬಡವರಿಗೆ ಮನೆಗಳನ್ನು ಕಟ್ಟಿಸಲು ದತ್ತಿ ಇಟ್ಟ. ಇವತ್ತಿಗೂ ಅಲ್ಲಿ ವರ್ಷದ ಬಾಡಿಗೆ 88 ಸೆಂಟ್, ಜೊತೆಗೆ ಅವನ ಮನೆತನಕ್ಕಾಗಿ ದಿನಕ್ಕೆ ಮೂರು ಪ್ರಾರ್ಥನೆ. ಕರಾರು ಸ್ಪಷ್ಟ, ಅಲ್ವಾ?

ನಮ್ಮಲ್ಲೂ ಮುಜರಾಯಿ ದೇವಸ್ಥಾನಗಳ ಹುಂಡಿ ಎಣಿಕೆ ನಾಲ್ಕು ಜನರ ಎದುರೇ ನಡೆಯುತ್ತದೆ, ನಿಜ. ಎಷ್ಟು ಬಂತು ಅಂತ ಪೇಪರಿನಲ್ಲಿ ಓದಿ ಬೆರಗಾಗುತ್ತೇವೆ. ಎಲ್ಲಿಗೆ ಹೋಯಿತು ಅಂತ ಕೇಳುವವರು ತೀರಾ ಕಡಿಮೆ.

ಇನ್ನೊಂದನ್ನೂ ಒಪ್ಪಲೇಬೇಕು. ಆ ಸಹೋದ್ಯೋಗಿಯ ಕಿರಿಯ ಸಹೋದರ ತೆರಿಗೆ ಉಳಿಸಲೆಂದೇ ಚರ್ಚ್ ಬಿಟ್ಟರಂತೆ. ಹಾಗೆ ಬಿಟ್ಟವರು ಇಲ್ಲಿ ಜಾಸ್ತಿ. ನಮ್ಮೂರಿನಲ್ಲಿ ಒಂದು ರೂಪಾಯಿ ಹಾಕುವವಳನ್ನೂ, ಏನೂ ಹಾಕದೆ ಕೈಮುಗಿಯುವವಳನ್ನೂ ಯಾರೂ ಪಟ್ಟಿಯಿಂದ ತೆಗೆಯುವುದಿಲ್ಲ. ಅಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ನಾಣ್ಯ ತೆಗೆಯುತ್ತಿದ್ದದ್ದು ನೆನಪಾದರೆ, ನಾನೂ ಲೆಕ್ಕ ಕೇಳಲು ತಡವರಿಸುತ್ತೇನೆ.