ಅಲಮಾರಿಗೆ ಜಳಕ

ಮೇ ತಿಂಗಳ ಕಲಬುರಗಿಯಲ್ಲಿ ಹನ್ನೊಂದು ಗಂಟೆ ದಾಟಿದ ಮೇಲೆ ಬೀದಿನಾಯಿ ಕೂಡ ನೆರಳು ಬಿಟ್ಟು ಕದಲುವುದಿಲ್ಲ. ಬಿಸಿಲು 43 ಡಿಗ್ರಿ, ಕಾಲಡಿಗೆ ಶಹಾಬಾದಿ ಕಲ್ಲು. ಅಂಥ ಹೊತ್ತಿನಲ್ಲಿ ನಮ್ಮ ಮನೆಯವರು ಹಸಿ ಟವೆಲ್ ತಲೆಗೆ ಸುತ್ತಿಕೊಂಡು ಮಾಳಿಗೆ ಮೇಲೆ ಅಲಮಾರಿ ಕೆರೆಯುತ್ತಿದ್ದರು. ನಿವೃತ್ತಿಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಮೊಬೈಲಿನಲ್ಲಿ ಯಾವನೋ ವಿದೇಶದವನು ಹಳೇ ಮೇಜನ್ನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೊಸದು ಮಾಡಿ ತೋರಿಸಿದ್ದ. ಅವನೇನೋ ವಿಡಿಯೋ ಮುಗಿಸಿ ಹೋದ, ನಮ್ಮ ಬೇಸಿಗೆ ಹಾಳಾಯಿತು.

ಅಲಮಾರಿ ಅಂದರೆ ಜಾಳಗಿಯದು. ಫ್ರಿಜ್ ಬರುವುದಕ್ಕೆ ಮೊದಲು ಹಾಲು, ಮೊಸರು, ಬೆಣ್ಣೆ ಇಡುತ್ತಿದ್ದದ್ದು. ಬಾಗಿಲಿಗೆ ತಂತಿ ಜಾಳಗಿ, ಇರುವೆ ಹತ್ತದಂತೆ ನಾಲ್ಕೂ ಕಾಲಿಗೆ ನೀರಿನ ಬಟ್ಟಲು. ಅತ್ತೆಯ ಪ್ರಕಾರ ಅದು ಅಸಲಿ ಬರ್ಮಾ ಸಾಗವಾನಿ. 1948ರಲ್ಲಿ ಪೊಲೀಸ್ ಆಕ್ಷನ್ ಆದಾಗ ನಿಜಾಮರ ಕಡೆಯ ಯಾರೋ ದೊಡ್ಡ ಸಾಹೇಬರು ಗಡಿಬಿಡಿಯಲ್ಲಿ ಊರು ಬಿಡುತ್ತ ಮಾರಿದ್ದಂತೆ, ನಮ್ಮ ಮಾವನ ತಂದೆ ಕೊಂಡದ್ದಂತೆ. ಕನ್ಯಾ ನೋಡಲು ಬಂದವರು ಹುಡುಗನ ಪಗಾರದ ಜೊತೆಗೆ ಈ ಸಂಗತಿಯನ್ನೂ ನಮ್ಮಪ್ಪನ ಕಿವಿಗೆ ಹಾಕಿ ಹೋಗಿದ್ದರು.

ಇಂಥ ಸಾಗವಾನಿಗೆ ಆಯಿಲ್ ಪೇಂಟ್ ಯಾಕೆ ಬಳಿದರು ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಲಿಲ್ಲ, ಸೊಸೆಯಾದವಳು ಕೇಳಬಾರದ ಪ್ರಶ್ನೆಗಳ ಪೈಕಿ ಅದೂ ಒಂದು.

ಪೇಂಟ್ ರಿಮೂವರ್ ಹಚ್ಚಿ ಪಟ್ಟಿಯಿಂದ ಎಬ್ಬಿಸಿದರೆ ಮೊದಲು ಕೆನೆ ಬಣ್ಣ ಸುರುಳಿ ಸುತ್ತಿಕೊಂಡು ಎದ್ದಿತು. ಅದರ ಕೆಳಗೆ ನೀಲಿ. ನೀಲಿಯ ಕೆಳಗೆ ಗಿಳಿ ಹಸಿರು. ಸಂಜೆ ಅತ್ತೆ ಮಾಳಿಗೆಗೆ ಬಂದು ಕುರ್ಚಿ ಹಾಕಿಕೊಂಡು ಕೂತು ಒಂದೊಂದಕ್ಕೂ ಸಾಕ್ಷಿ ನುಡಿದರು. “ಹಸರು ದೊಡ್ಡಾಕಿ ಮದುವಿದು. ಕೆನಿ ಬಣ್ಣ ಸಣ್ಣಾಕಿ ಮದುವಿದು, ಹೈದರಾಬಾದಿಂದ ತರಿಸಿದ್ದು.” ನಡುವಿನ ನೀಲಿ? “ಅದು ನಿಂದು. ಬಾಗಲಕ್ಕ ಹಚ್ಚಿ ಉಳದಿತ್ತು.”

ಬೆಂಗಳೂರಿನಿಂದ ಮಗಳು ವಿಡಿಯೋ ಕಾಲ್‌ನಲ್ಲಿ ಈ ದೃಶ್ಯ ನೋಡಿ ಕಿರುಚಿದಳು. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಒಣದು ಉಜ್ಜಿದರೆ ಪುಡಿ ನೇರ ಪುಪ್ಪುಸಕ್ಕೆ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ನಮ್ಮ ಅಲಮಾರಿಯ ಹೆಣ್ಣುಮಕ್ಕಳೆಲ್ಲ ಅದಕ್ಕೂ ಎಷ್ಟೋ ಮೊದಲೇ ಗಂಡನ ಮನೆ ಸೇರಿದವರು. “ಮಾಸ್ಕ್ ಹಾಕ್ಕೊಳ್ಳಿ, ನೀರು ಹಾಕಿ ಉಜ್ಜಿ” ಎಂದಳು. ನೀರು! ಬೆಂಗಳೂರಿಗೆ ಹೋದ ಮಕ್ಕಳಿಗೆ ನಮ್ಮ ನಳದ ಸ್ವಭಾವ ಬೇಗ ಮರೆತುಹೋಗುತ್ತದೆ. “ಮನಿಷ್ಯಾಗ ಕುಡ್ಯಾಕಿಲ್ಲ, ಅಲಮಾರಿಗೆ ಜಳಕ” ಎಂದು ಅತ್ತೆ ಗೊಣಗಿದರೂ ಒಂದು ಕೊಡ ಮಂಜೂರು ಮಾಡಿದರು.

ಮರ ಹೇಗೋ ಬಿಟ್ಟುಕೊಟ್ಟಿತು. ಜಾಳಗಿ ಮಾತ್ರ ಬಗ್ಗಲಿಲ್ಲ. ಒಂದೊಂದು ತೂತಿನಲ್ಲೂ ಮೂರು ಮದುವೆಯ ಬಣ್ಣ ಗಟ್ಟಿಯಾಗಿ ಕೂತಿತ್ತು. ಕಡೆಗೆ ಅತ್ತೆಯೇ ಬಾಗಿಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಧಾರಾವಾಹಿ ನೋಡುತ್ತ, ದಬ್ಬಣದಿಂದ ಚುಚ್ಚಿ ಚುಚ್ಚಿ ತೆಗೆದರು. ವಿಲನ್ ಸೊಸೆ ತೆರೆ ಮೇಲೆ ಬಂದಾಗ ದಬ್ಬಣದ ವೇಗ ಹೆಚ್ಚುತ್ತಿತ್ತು. ನಾನು ಸ್ವಲ್ಪ ದೂರವೇ ಕೂಡುತ್ತಿದ್ದೆ.

ಇನ್ನು ಎಣ್ಣೆ. ವಿಡಿಯೋದವನು ಮರಕ್ಕೆ ಲಿನ್‌ಸೀಡ್ ಆಯಿಲ್ ಕುಡಿಸಿದ್ದ. ಹಾಗಂದರೆ ನಮ್ಮ ಅಗಸಿ ಎಣ್ಣೆಯೇ ಎಂದು ತಿಳಿದಾಗ ಇವರ ಮುಖ ಅರಳಿತು. ಜೋಳದ ರೊಟ್ಟಿಗೆ ದಿನಾ ಅಗಸಿ ಹಿಂಡಿ ಹಚ್ಚಿಕೊಂಡು ತಿನ್ನುವ ಸೀಮೆಯಲ್ಲಿ ಡಬ್ಬಿ ಎಣ್ಣೆಗೆ ದುಡ್ಡು ಯಾಕೆ ಸುರಿಯಬೇಕು? ಗಾಣದ ಹಸಿ ಎಣ್ಣೆ ತಂದು ಧಾರಾಳವಾಗಿ ಬಳಿದರು. ಪೇಂಟಿನ ಅಂಗಡಿಯ ಎಣ್ಣೆಗೆ ಬೇಗ ಒಣಗುವ ಮದ್ದು ಬೆರೆಸಿರುತ್ತಾರೆ. ಹಸಿ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಮೆಲ್ಲಗೆ ಗಟ್ಟಿಯಾಗಬೇಕು, ಅದಕ್ಕೆ ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ಸಂಜೆ ಸುಂಟರಗಾಳಿ ಎದ್ದಿತು. ನಮ್ಮ ಓಣಿಯ ಧೂಳಷ್ಟೂ ಬಂದು ಅಲಮಾರಿಗೆ ಅಂಟಿಕೊಂಡಿತು. ಮುಟ್ಟಿದರೆ ಅಂಗೈಯ ಗೆರೆ ಮೂಡುತ್ತಿತ್ತು. ಮನೆಯೆಲ್ಲ ಹಿಂಡಿ ವಾಸನೆ. ಪಕ್ಕದ ಮನೆಯಾಕಿ ಬಂದು “ಏನ್ರೀ, ಹಿಂಡಿ ಕುಟ್ಟಲಾಕತ್ತೀರೇನು, ನಮಗೂ ಒಂದೀಟು ಕೊಡ್ರಿ” ಎಂದು ಬಟ್ಟಲು ಹಿಡಿದು ನಿಂತಳು.

ಎಣ್ಣೆ ಒರೆಸಿದ ಬಟ್ಟೆಗಳನ್ನು ಇವರು ಉಂಡೆ ಕಟ್ಟಿ ಬುಟ್ಟಿಗೆ ಎಸೆದಿದ್ದರು. ಎತ್ತಿದರೆ ಒಳಗೆ ಕೈಗೆ ಹತ್ತುವಷ್ಟು ಬಿಸಿ. ಈ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಉಂಡೆಯೊಳಗೆ ಅದು ಹೊರಗೆ ಹೋಗಲು ದಾರಿ ಇಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಇದು ತಮಾಷೆಯ ಮಾತಲ್ಲ. ನೀರಲ್ಲಿ ಅದ್ದಿ, ತಂತಿಯ ಮೇಲೆ ಬಿಡಿಬಿಡಿಯಾಗಿ ಹರವಿದೆ. ಅತ್ತೆ ಮಾತ್ರ ಯಾರದೋ ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು.

ಕೊನೆಗೆ ಪಾಲಿಶ್ ಉಸ್ತಾದರನ್ನು ಕರೆಸಬೇಕಾಯಿತು. ಅವರು ಬಂದು ಬೆರಳಿಂದ ಮುಟ್ಟಿ, ಇವರ ಮುಖ ನೋಡಿ, ಏನೂ ಅನ್ನದೆ ಸ್ಪಿರಿಟ್ ಹಾಕಿ ಒರೆಸತೊಡಗಿದರು. ಬೆಳಗಿನ ತಂಪಿನಲ್ಲಷ್ಟೇ ಕೆಲಸ. ಬಿಸಿಲೇರಿದರೆ ಸ್ಪಿರಿಟ್ ಹಾರಿಹೋಗಿ ಪಾಲಿಶ್ ಹಚ್ಚುವ ಬಟ್ಟೆಯ ಗಡ್ಡೆ ಅಲ್ಲೇ ಅಂಟುತ್ತದಂತೆ. ಸ್ಪಿರಿಟ್ಟಿನಲ್ಲಿ ನೆನೆಸಿಟ್ಟ ಅರಗಿನ ಚಕ್ಕೆ ಕಂಡು ಅತ್ತೆ ಅದೇನೆಂದು ಕೇಳಿದರು. ಮರದ ಟೊಂಗೆಗೆ ಹತ್ತುವ ಸಣ್ಣ ಹುಳ ಬಿಡುವ ಅಂಟು ಅದು ಎಂದು ಉಸ್ತಾದರು ಪ್ರಾಮಾಣಿಕವಾಗಿ ಹೇಳಿಬಿಟ್ಟರು.

“ಹುಳದ್ದ? ಹಾಲು ಇಡೋ ಅಲಮಾರಿಗಿ? ಶಿವಾ ಶಿವಾ!”

ಉಸ್ತಾದರು ಅತ್ತೆಯ ಕೈ ಕಡೆ ನೋಡಿದರು. “ಅಮ್ಮಾ, ಚಾರ್ ಮಿನಾರ್ ಹಂತ್ಯಾಕಿನ ಲಾಡ್ ಬಜಾರದಾಗ ಕೊಂಡ ಬಳಿ ಏನ್ರಿ ಅವು? ಅವೂ ಇದ ಅರಗಿನವು.” ಅತ್ತೆ ಸೆರಗು ಎಳೆದು ಕೈ ಮುಚ್ಚಿಕೊಂಡರು. ಪಾಲಿಶ್ ಮುಂದುವರಿಯಿತು.

ಮುಂದುವರಿಯುತ್ತ ಉಸ್ತಾದರು ಅಲಮಾರಿ ಮಗ್ಗುಲಾಗಿಸಿ, ತಳಕ್ಕೆ ಉಳಿಯಿಂದ ಚೂರೇ ಕೆತ್ತಿ, ಮೂಸಿ ನೋಡಿದರು. “ಸಾಗ್ವಾನ್ ನೈ ಜೀ. ನೀಮ್ ಹೈ.” ಬೇವು! ಬಾಗಿಲ ಚೌಕಟ್ಟಿನ ಎರಡು ಪಟ್ಟಿ ಮಾತ್ರ ಸಾಗವಾನಿಯಂತೆ. ಯಾರೂ ಮಾತಾಡಲಿಲ್ಲ. ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡು “ಬೇವಿಗೆ ಗೆದ್ದಲ ಹತ್ತಂಗಿಲ್ಲ ಬಿಡ್ರಿ” ಎಂದರು. ಅತ್ತೆ ನನ್ನ ಕಡೆ ತಿರುಗಿದರು. “ನಿಮ್ಮಪ್ಪಗ ಫೋನ್ ಮಾಡಬ್ಯಾಡ.” ಆಮೇಲೆ ಉಸ್ತಾದರಿಗೆ, ಸಾಗವಾನಿ ಕಾಣುವ ಹಾಗೆ ಒಂಚೂರು ಬಣ್ಣ ಬೆರೆಸಲು ಬರುತ್ತದೆಯೇ ಎಂದು ಮೆಲುದನಿಯಲ್ಲಿ ಕೇಳಿದರು. ಬರುತ್ತಿತ್ತು. ಅದಕ್ಕೆ ರೇಟು ಬೇರೆ.

ಮಳೆಗಾಲ ಹತ್ತಿದ ಮೇಲೆ ಸಣ್ಣ ಮಾವ ಬಂದರು. ಹೊಳೆಯುವ ಅಲಮಾರಿಯನ್ನು ಸವರಿ, ಬಡಿದು, ತಲೆದೂಗಿ, ಮಾತಿನ ಭರದಲ್ಲಿ ಕುದಿಯುವ ಚಹಾದ ಸ್ಟೀಲ್ ಲೋಟ ಅದರ ನೆತ್ತಿಯ ಮೇಲೆ ಇಟ್ಟರು. ಅರಗಿನ ಪಾಲಿಶ್‌ಗೆ ಬಿಸಿಯೂ ಆಗದು, ಪಸೆಯೂ ಆಗದು. ಲೋಟ ಎತ್ತಿದಾಗ ಪೂರಾ ಒಂದು ಬಿಳಿ ಬಳೆ ಮೂಡಿತ್ತು. ನಾವೆಲ್ಲ ಉಸಿರು ಬಿಗಿಹಿಡಿದೆವು. ಸಣ್ಣ ಮಾವ ಬಗ್ಗಿ ನೋಡಿ ಹೇಳಿದರು:

“ಬರ್ಮಾ ಸಾಗವಾನಿ ಅಂತ ಇಷ್ಟಕ್ಕ ಉಳೀತು ನೋಡ್ರಿ. ಬೇವಿಂದಾಗಿದ್ರ ಸುಟ್ಟೇ ಹೋಗ್ತಿತ್ತು.”

“ಮತ್ತ!” ಎಂದರು ಅತ್ತೆ, ಲೋಟದ ಕೆಳಗೆ ತಟ್ಟೆ ಸರಿಸುತ್ತ.